‘ಒರಿಜಿನಲ್’ ಅಂತ ಬರೆದವನು ನಾನೇ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಗ್ಯಾರೇಜಿಗೆ ಆ ಫೋನ್ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಣ್ಣ ಊಟಕ್ಕೆ ಹೋಗಿದ್ದರು. ನಾನೇ ಎತ್ತಿದೆ.

“ಸಾರ್, ನಿಮ್ಮ ಗ್ಯಾರೇಜ್ ಬಿಲ್ ಇದೆ ನನ್ನ ಹತ್ರ. ‘ಕಂಪನಿ ಸೆಟ್ಟಿಂಗ್‌ಗೆ ವಾಪಸ್ ಮಾಡಿದೆ’ ಅಂತ ಪೆನ್ನಲ್ಲಿ ಬರ್ದಿದಾರೆ. ಅದನ್ನ ನಂಬ್ಕೊಂಡೇ ಕಾರ್ ತಗೊಂಡೆ. ಆರು ವಾರಕ್ಕೆ ಕ್ಲಚ್ ಹೋಗಿದೆ. ಇಲ್ಲಿ ಮೆಕ್ಯಾನಿಕ್ ನೋಡಿ, ಇದು ಟ್ಯೂನ್ ಆಗಿರೋ ಗಾಡಿ ಅಂತಿದಾರೆ.”

ಪೆನ್ನಲ್ಲಿ ಬರೆದವನು ನಾನು. “ನೋಡಿ ಹೇಳ್ತೀನಿ ಸಾರ್” ಎಂದು ಫೋನ್ ಇಟ್ಟು, ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದೆ. ಆ ಕಾರಿನ ನಂಬರಿನ ಫೋಲ್ಡರಿನಲ್ಲಿ ಎರಡು ಫೈಲ್ ಇದ್ದವು. ಒಂದರ ಹೆಸರು ‘ಸ್ಟೇಜ್ 1’, ಇನ್ನೊಂದರದು ‘ಒರಿಜಿನಲ್’. ನಾನು ವಾಪಸ್ ಹಾಕಿದ್ದು ‘ಒರಿಜಿನಲ್’ ಅನ್ನೇ. ಆ ಮೆಕ್ಯಾನಿಕ್ ತಪ್ಪು ಹೇಳುತ್ತಿದ್ದಾನೆ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅಂದುಕೊಂಡೆ.

ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ ಮೇಲೆ ನಾನು ಸೇರಿದ್ದು ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿಯ ಈ ಗ್ಯಾರೇಜಿಗೆ. ಇಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಪಂಪ್ ಅಲ್ಲ, ಅಣ್ಣನ ಬೀರುವಿನಲ್ಲಿದ್ದ ಟ್ಯೂನರ್. ಅಂಗೈಗಿಂತ ತುಸು ದೊಡ್ಡದು, ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ ವಿಡಿಯೊ ಗೇಮ್ ಪೆಟ್ಟಿಗೆಯ ಹಾಗೆ ಒಂದು ಸ್ಕ್ರೀನು, ಒಂದು ಕೇಬಲ್ಲು. ಸ್ಟೀರಿಂಗ್ ಕೆಳಗೆ, ಮೊಣಕಾಲು ತಗಲುವ ಜಾಗದಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದಲ್ಲ, ಒಬಿಡಿ ಪೋರ್ಟ್, ಅದಕ್ಕೆ ಚುಚ್ಚಿದರೆ ಕಾರಿನ ಇಸಿಯು ಜೊತೆ ಮಾತಾಡುತ್ತದೆ. ಇಂಥ ಸಾಧನಗಳಲ್ಲಿ ಹೆಸರಾದ ಕೆಲವು ಇಟಲಿಯಲ್ಲಿ ತಯಾರಾಗುತ್ತವೆ.

ಇಸಿಯು ಎಂದರೆ ಎಂಜಿನ್ನಿನ ಲೆಕ್ಕ ಬರೆಯುವ ಗುಮಾಸ್ತ. ಎಂಜಿನ್ ಇಷ್ಟು ಸುತ್ತು ಸುತ್ತುತ್ತಿದೆ, ಕಾಲು ಆಕ್ಸಿಲರೇಟರನ್ನು ಇಷ್ಟು ಒತ್ತಿದೆ, ಹಾಗಾದರೆ ಇಷ್ಟು ಮಿಲಿಗ್ರಾಂ ಡೀಸೆಲ್ ಬಿಡು, ಟರ್ಬೊ ಇಷ್ಟು ಒತ್ತಡ ಕೊಡಲಿ, ಟಾರ್ಕ್ ಇದಕ್ಕಿಂತ ಮೇಲೆ ಹೋಗಕೂಡದು. ಹೀಗೆ ಸಾವಿರಾರು ಅಂಕಿಗಳ ಕೋಷ್ಟಕಗಳು ಅದರೊಳಗೆ ಇರುತ್ತವೆ. ಅವುಗಳಿಗೆ ಮ್ಯಾಪ್ ಎನ್ನುತ್ತಾರೆ. ಕಂಪನಿಯವರು ಈ ಅಂಕಿಗಳನ್ನು ಬರೆಯುವಾಗ ಸ್ವಲ್ಪ ಕೈ ಬಿಗಿಹಿಡಿದೇ ಬರೆಯುತ್ತಾರೆ. ಅದೇ ಕಾರು ಮಂಗಳೂರಿನ ಸೆಕೆಯಲ್ಲೂ ಓಡಬೇಕು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೂ ಓಡಬೇಕು. ಡೀಸೆಲ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕ್ಲಚ್ಚಿನ ತಾಕತ್ತಿಗೂ ಒಂದು ಮಿತಿ ಇದೆ, ಹೊಗೆಗೂ ಒಂದು ಕಾನೂನಿದೆ. ಟ್ಯೂನ್ ಮಾಡುವವರು ಮಾಡುವುದಿಷ್ಟೇ: ಆ ಬಿಗಿಯನ್ನು ಸಡಿಲಿಸಿ ಅಂಕಿಗಳನ್ನು ಮೇಲಕ್ಕೆ ಎತ್ತುತ್ತಾರೆ. ಟರ್ಬೊ ಡೀಸೆಲ್ ಕಾರಾದರೆ ಪಿಕಪ್ ಎಷ್ಟು ಬದಲಾಗುತ್ತದೆಂದರೆ, ನೈಸ್ ರೋಡಿನಲ್ಲಿ ಒಂದು ಸುತ್ತು ಹೊಡೆದು ಬಂದ ಗಿರಾಕಿ ದುಡ್ಡು ಎಣಿಸುವಾಗ ನಗುತ್ತಿರುತ್ತಾನೆ.

ಬೈಕಿನವರ ದಾರಿ ಬೇರೆ. ಅವರು ಹೆಚ್ಚಾಗಿ ಹಾಕಿಸುವುದು ‘ಪಿಗ್ಗಿಬ್ಯಾಕ್’ ಎಂಬ ಪುಟ್ಟ ಪೆಟ್ಟಿಗೆ. ನಮ್ಮ ಬೆಂಗಳೂರಿನದೇ ಆದ ರೇಸ್ ಡೈನಾಮಿಕ್ಸ್‌ನ ‘ಪವರ್‌ಟ್ರಾನಿಕ್’ ಅಂಥದ್ದು. ಅದು ಕಂಪನಿಯ ಇಸಿಯು ಒಳಗೆ ಏನನ್ನೂ ಅಳಿಸುವುದಿಲ್ಲ. ಸೆನ್ಸರ್, ಇಂಜೆಕ್ಟರ್‌ಗಳ ನಡುವೆ ಕೂತು ಸಂಕೇತ ಬದಲಾಯಿಸುತ್ತದೆ. ಕಳಚಿ ಹಳೆಯ ಕಪ್ಲರ್ ಜೋಡಿಸಿದರೆ ಗಾಡಿ ಮೊದಲಿನ ಹಾಗೆ. ನಾವು ಮಾಡುವುದು ಫ್ಲ್ಯಾಶ್. ಇದ್ದದ್ದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವುದು. ಮೊದಲಿನದು ಬೇಕೆಂದರೆ ಅದನ್ನು ಯಾರಾದರೂ ಎತ್ತಿಟ್ಟಿರಬೇಕು.

ಅಮೆರಿಕದಲ್ಲಿ ಜನ ಮನೆಯಲ್ಲೇ ಬಳಸುವ ಟ್ಯೂನರ್‌ಗಳಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಮೊದಲ ಸಲ ಚುಚ್ಚಿದಾಗಲೇ ಕಂಪನಿಯ ಫೈಲನ್ನು ಉಳಿಸಿಕೊಂಡು ಆ ಒಂದು ಕಾರಿಗೆ ಗಂಟು ಬೀಳುತ್ತವೆ. ‘ಸ್ಟಾಕ್‌ಗೆ ಮರಳಿಸು’ ಎಂದು ಒತ್ತಿ ವಾಪಸ್ ಹಾಕುವ ತನಕ ಇನ್ನೊಂದು ಕಾರಿಗೆ ಅವು ಕೆಲಸ ಮಾಡುವುದಿಲ್ಲ. ಕಾರು ಮಾರಿ ಟ್ಯೂನರ್ ಇಟ್ಟುಕೊಂಡವನು ಎರಡು ಕಡೆಯೂ ಕೆಟ್ಟ. ನಮ್ಮ ಗ್ಯಾರೇಜುಗಳಲ್ಲಿರುವುದು ಹಾಗಲ್ಲ, ಎಷ್ಟು ಕಾರಿಗಾದರೂ ಬಳಸಬಹುದು. ಹಾಗಾಗಿ ನೆನಪಿಡುವ ಜವಾಬ್ದಾರಿ ಯಂತ್ರದ್ದಲ್ಲ, ನಮ್ಮದು.

ಅಣ್ಣ ನನಗೆ ಮೊದಲು ಕಲಿಸಿದ್ದು ಬ್ಯಾಟರಿ ಪಾಠ. ಫ್ಲ್ಯಾಶ್ ಮಾಡುವಾಗ ಎಂಜಿನ್ ಆಫ್, ಕೀ ಆನ್. ಎಸಿ, ಲೈಟು, ಸ್ಟೀರಿಯೊ ಎಲ್ಲ ಬಂದ್. ಬ್ಯಾಟರಿಗೆ ಚಾರ್ಜರ್ ಕೊಟ್ಟು ವೋಲ್ಟೇಜ್ ಸುಮಾರು 13ರಲ್ಲಿ ನಿಲ್ಲಿಸಬೇಕು. ಬರೆಯುವುದು ಅರ್ಧದಲ್ಲಿದ್ದಾಗ ಕರೆಂಟ್ ಕುಸಿದರೆ ಇಸಿಯು ಒಳಗೆ ಅರ್ಧ ಹಳೆಯದು, ಅರ್ಧ ಹೊಸದು. ಕಾರು ಸ್ಟಾರ್ಟೇ ಆಗುವುದಿಲ್ಲ. ಆಮೇಲೆ ಇಸಿಯು ಬಿಚ್ಚಿ ಮೇಜಿನ ಮೇಲಿಟ್ಟು, ಪಿನ್ನುಗಳಿಗೆ ನೇರ ತಂತಿ ಕೊಟ್ಟು ಬದುಕಿಸಬೇಕು. ಅದೂ ಅದೃಷ್ಟ ಇದ್ದರೆ. ಈ ಪಾಠವನ್ನು ಬೈಗುಳದ ಸಮೇತ ಕಲಿತಿದ್ದೆ. ಯಾರ ಕಾರನ್ನೂ ಸಾಯಿಸಿರಲಿಲ್ಲ. ಅದಕ್ಕೇ ನನಗೆ ಕೆಲಸ ಬಂತು ಅಂದುಕೊಂಡಿದ್ದೆ.

ಫೋನ್ ಮಾಡಿದ್ದ ಹುಡುಗ ಕೊಂಡಿದ್ದು ಬಿಎಸ್4 ಡೀಸೆಲ್ ಹ್ಯಾಚ್‌ಬ್ಯಾಕ್. ಅದನ್ನು ಮಾರಿದವರು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ ನಮ್ಮ ಗಿರಾಕಿ. ವರ್ಷದ ಹಿಂದೆ ಟ್ಯೂನ್ ಮಾಡಿಸಿಕೊಳ್ಳಲು ಬಂದಿದ್ದರು. ಟ್ಯೂನರ್ ಚುಚ್ಚಿ, ಕಾರಿನೊಳಗಿದ್ದ ಫೈಲ್ ಓದಿ, ‘ಒರಿಜಿನಲ್’ ಎಂದು ಹೆಸರಿಟ್ಟು ಸೇವ್ ಮಾಡಿದ್ದು ನಾನೇ. ಆ ಸಾಫ್ಟ್‌ವೇರ್ ನಂಬರಿಗೆ ಹೊಂದುವ ಸಿದ್ಧ ಟ್ಯೂನ್ ಫೈಲನ್ನು ಅಣ್ಣ ಬೇರೆ ಕಡೆಯಿಂದ ತರಿಸಿದ್ದರು. ಅದನ್ನು ಬರೆದೆವು. ಒಂದು ಸುತ್ತು ಹೋಗಿ ಬಂದವರು, “ಅಷ್ಟೇನೂ ಫರಕ್ ಕಾಣ್ತಿಲ್ವಲ್ಲ” ಎಂದಿದ್ದರು. “ಓಡಿಸ್ತಾ ಓಡಿಸ್ತಾ ಗೊತ್ತಾಗುತ್ತೆ ಸಾರ್” ಎಂದಿದ್ದೆ ನಾನು. ಆ ಮಾತು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಎಂಟು ತಿಂಗಳ ಮೇಲೆ ವಿದೇಶಕ್ಕೆ ಹೊರಟ ಅವರು ಕಾರು ಮಾರುವ ಮುಂಚೆ ಕಂಪನಿ ಸೆಟ್ಟಿಂಗೇ ಇರಲಿ, ಕೊಳ್ಳುವವರಿಗೆ ಮೋಸ ಆಗಬಾರದು ಎಂದು ತಾವಾಗಿಯೇ ಬಂದಿದ್ದರು. ‘ಒರಿಜಿನಲ್’ ಹಾಕಿ ಬಿಲ್ ಬರೆದುಕೊಟ್ಟೆ.

ಅಣ್ಣ ಊಟ ಮುಗಿಸಿ ಬಂದರು. ವಿಷಯ ಕೇಳಿ ಒಂದೇ ಪ್ರಶ್ನೆ ಕೇಳಿದರು. “ಅವರು ಕಾರ್ ಹೊಸದು ತಗೊಂಡಿದ್ರಾ, ಸೆಕೆಂಡ್ ಹ್ಯಾಂಡಾ?”

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

“ನೀನು ಓದಿದ್ದು ಕಾರಲ್ಲಿ ಇದ್ದಿದ್ದನ್ನ. ಅದು ಕಂಪನಿದೇ ಅಂತ ನಿಂಗ್ಯಾರು ಹೇಳಿದ್ರು?”

ಅದೇ ಸಾಫ್ಟ್‌ವೇರ್ ನಂಬರಿನ, ಯಾರೂ ಮುಟ್ಟದ ಫೈಲನ್ನು ಅಣ್ಣ ಅಂದೇ ಸಂಜೆ ತರಿಸಿದರು. ನನ್ನ ‘ಒರಿಜಿನಲ್’ ಜೊತೆ ಪಕ್ಕಪಕ್ಕ ಇಟ್ಟು ಹೋಲಿಸುವ ಪ್ರೋಗ್ರಾಂನಲ್ಲಿ ತೆರೆದೆವು. ಎರಡೂ ಒಂದೇ ಆಗಿದ್ದರೆ ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಕಾಣಬೇಕು. ಬಹಳಷ್ಟು ದೂರ ಹಾಗೇ ಇತ್ತು. ಆಮೇಲೆ ಇಂಜೆಕ್ಷನ್ ಮ್ಯಾಪ್ ಬಂದ ಕಡೆ ನನ್ನ ಗೆರೆ ಮೇಲಕ್ಕೆ ಎದ್ದಿತು. ಟರ್ಬೊ ಒತ್ತಡದ ಕಡೆ ಮತ್ತೆ ಎದ್ದಿತು. ಟಾರ್ಕ್ ಮಿತಿ ಇರುವ ಕಡೆ ಮಿತಿಯೇ ಇಲ್ಲ ಎನ್ನುವಷ್ಟು ಎತ್ತರ. ವೈಟ್‌ಫೀಲ್ಡಿನವರು ಕೊಳ್ಳುವ ಮುಂಚೆಯೇ, ಅದರ ಮೊದಲ ಯಜಮಾನ ಎಲ್ಲೋ ಟ್ಯೂನ್ ಮಾಡಿಸಿದ್ದ. ನಾವು ಆ ಟ್ಯೂನನ್ನು ಅಳಿಸಿ ನಮ್ಮದನ್ನು ಹಾಕಿದ್ದೆವು, ಫರಕ್ ಕಾಣದಿದ್ದುದು ಅದಕ್ಕೇ. ಆಮೇಲೆ ನಮ್ಮದನ್ನು ಅಳಿಸಿ ಅವನದನ್ನು ವಾಪಸ್ ಹಾಕಿ, ಕಂಪನಿ ಸೆಟ್ಟಿಂಗ್ ಎಂದು ಸಹಿ ಮಾಡಿಕೊಟ್ಟಿದ್ದೆ. ಹೊರಗಿನಿಂದ ನೋಡಿದರೆ ಗೊತ್ತಾಗುವ ಹಾಗೇ ಇರಲಿಲ್ಲ. ಟ್ಯೂನ್ ಮಾಡಿದವರು ಸಾಫ್ಟ್‌ವೇರ್ ನಂಬರನ್ನು ಮುಟ್ಟುವುದಿಲ್ಲ. ಅಂಗಿ ಅದೇ, ಒಳಗಿನ ಆಸಾಮಿ ಬೇರೆ.

ಮಾರಿದವರಿಗೆ ಫೋನ್ ಮಾಡುವುದು ಕೊಂಡವನಿಗೆ ಮಾಡುವುದಕ್ಕಿಂತ ಕಷ್ಟವಾಯಿತು. “ನಾನು ಸುಳ್ಳು ಹೇಳಿ ಮಾರಿದಂಗಾಯ್ತಲ್ರೀ” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಕೊಂಡ ಹುಡುಗ ಇದ್ದುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಚಿತ್ರದುರ್ಗದ ಕಡೆಯವನು, ಮೊದಲ ಕೆಲಸ, ಸಾಲ ಮಾಡಿ ಮೊದಲ ಕಾರು. ಕ್ಲಚ್ ಜಾರುತ್ತಿದ್ದ ಕಾರನ್ನು ಅಷ್ಟು ದೂರ ಓಡಿಸುವುದು ಬೇಡ ಎಂದು ನಾನೇ ಹೋದೆ. ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ. ಬ್ಯಾಗಿನಲ್ಲಿ ಟ್ಯೂನರ್, ಲ್ಯಾಪ್‌ಟಾಪ್, ಬ್ಯಾಟರಿ ಚಾರ್ಜರ್, ಮಾರುದ್ದದ ವೈರು. ಮೆಟ್ರೊ ಸ್ಕ್ಯಾನರಿನಲ್ಲಿ ಇದು ಏನಾಗಿ ಕಾಣುತ್ತದೋ ದೇವರೇ ಬಲ್ಲ. ಸೆಕ್ಯೂರಿಟಿಯವರು ಬ್ಯಾಗ್ ತೆಗೆಸಿ, “ಏನಪ್ಪಾ ಇದು?” ಎಂದರು. “ಕಾರ್ ರಿಪೇರಿ ಸಾಮಾನು ಸಾರ್” ಎಂದೆ. ಚಾರ್ಜರನ್ನು ಎರಡು ಸಲ ತಿರುಗಿಸಿ ನೋಡಿ ಬಿಟ್ಟರು.

ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ವಾಚ್‌ಮನ್ ಕೋಣೆಯಿಂದ ವೈರು ಎಳೆದು ಚಾರ್ಜರ್ ಹಚ್ಚಿದೆ. ಈ ಸಲ ಬರೆಯುವ ಮೊದಲು ಇನ್ನೊಂದು ಸಲ ಓದಿದೆ. ಒಳಗಿರುವುದು ಆ ಟ್ಯೂನೇ ಹೌದು ಎಂದು ಖಾತ್ರಿ ಮಾಡಿಕೊಂಡು ಅದನ್ನೂ ಸೇವ್ ಮಾಡಿದೆ. ನಿಜವಾದ ಕಂಪನಿ ಫೈಲ್ ಹಾಕಿದೆ. ಸ್ಕ್ರೀನಿನ ಮೇಲೆ ಶೇಕಡಾ ಅಂಕಿ ಏರುತ್ತಿದ್ದಾಗ ಹುಡುಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಮುಗಿಯಿತು. ಹಳೆಯ ದೋಷದ ಕೋಡುಗಳನ್ನು ಅಳಿಸಿ, ಸ್ಟಾರ್ಟ್ ಮಾಡಿ, ಕಾಂಪೌಂಡಿನೊಳಗೇ ನಿಧಾನವಾಗಿ ಓಡಾಡಿಸಿದೆ. ಸ್ವಲ್ಪ ಹೊತ್ತಿಗೆ ಚೆಕ್ ಎಂಜಿನ್ ದೀಪ ಹತ್ತಿತು.

ಹುಡುಗ ನನ್ನ ಮುಖ ನೋಡಿದ. “ಸರಿ ಮಾಡೋಕೆ ಬಂದ್ರಾ, ಕೆಡ್ಸೋಕೆ ಬಂದ್ರಾ?” ಎಂದು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

ಸ್ಕ್ಯಾನ್ ಮಾಡಿದರೆ ಪಿ0401. ಇಜಿಆರ್‌ನಲ್ಲಿ ಗಾಳಿ ಹರಿಯುತ್ತಿಲ್ಲ ಎಂದು ಅದರ ಅರ್ಥ. ಇಜಿಆರ್ ಎನ್ನುವುದು ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಕೊಳವೆ, ವಾಲ್ವು. ಇದರಿಂದ ಉರಿಯ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಮಸಿ ಕಟ್ಟಿ ತೊಂದರೆ ಕೊಡುತ್ತದೆಂದು ಕೆಲವರು ಮಧ್ಯೆ ಒಂದು ತಗಡು ತೂರಿಸಿ ಮುಚ್ಚಿಬಿಡುತ್ತಾರೆ. ದೀಪ ಹತ್ತದ ಹಾಗೆ ಫೈಲಿನಲ್ಲಿ ಆ ತಪಾಸಣೆಯನ್ನೂ ಆಫ್ ಮಾಡಿಸುತ್ತಾರೆ. ಇಷ್ಟು ವರ್ಷ ಟ್ಯೂನ್ ಫೈಲ್ ಈ ಗುಟ್ಟನ್ನು ಕಾಯ್ದುಕೊಂಡು ಬಂದಿತ್ತು. ಕಂಪನಿಯ ಫೈಲ್ ಒಳಗೆ ಬಂದದ್ದೇ ತಡ, ದೂರು ಹೇಳಿತು.

ಆ ರಾತ್ರಿ ಟ್ರಾಫಿಕ್ ಇಳಿದ ಮೇಲೆ ಅಣ್ಣ ಬಂದು ಕಾರನ್ನು ಮೆಲ್ಲಗೆ ಪೀಣ್ಯಕ್ಕೆ ಓಡಿಸಿಕೊಂಡು ಬಂದರು. ಮಾರನೇ ದಿನ ಇಜಿಆರ್ ಬಿಚ್ಚಿದೆ. ಇತ್ತು, ಬೆರಳಗಲದ ಸ್ಟೀಲ್ ತಗಡು, ಎರಡು ಬೋಲ್ಟ್ ತೂತು. ಅಂಚು ಎಷ್ಟು ನೀಟಾಗಿತ್ತೆಂದರೆ, ನಮ್ಮ ಪಕ್ಕದ ರಸ್ತೆಯ ಯಾವುದೋ ಶೆಡ್ಡಿನಲ್ಲೇ ಕತ್ತರಿಸಿದ್ದಿರಬಹುದು. ತಗಡು ತೆಗೆದು, ವಾಲ್ವ್ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಕ್ಲಚ್ ಸೆಟ್ ಬದಲಾಯಿಸಿದೆವು. ದೀಪ ಮತ್ತೆ ಹತ್ತಲಿಲ್ಲ. ಬಿಡಿಭಾಗದ ಖರ್ಚಿನಲ್ಲಿ ಅರ್ಧ ಮಾರಿದವರು ಕೊಟ್ಟರು, ಅರ್ಧ ಅಣ್ಣ. ಲೇಬರ್ ಬರೆಯಲಿಲ್ಲ. ನನ್ನ ಸಂಬಳದಲ್ಲಿ ಹಿಡಿಯುತ್ತಾರೇನೋ ಎಂದು ತಿಂಗಳ ಕೊನೆಯವರೆಗೂ ಕಾದೆ. ಹಿಡಿಯಲಿಲ್ಲ. ಹಿಡಿದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಇದನ್ನೆಲ್ಲ ಓದಿ, ‘ಎಮಿಷನ್ ಟೆಸ್ಟ್‌ನಲ್ಲಿ ಇದು ಸಿಕ್ಕಿಬೀಳಲಿಲ್ಲವೇ’ ಎಂದು ನೀವು ಕೇಳಬಹುದು. ನಮ್ಮಲ್ಲಿ ಡೀಸೆಲ್ ಗಾಡಿಯ ಆ ಪರೀಕ್ಷೆ ನೋಡುವುದು ಹೊಗೆಯ ದಟ್ಟಣೆಯನ್ನು. ನೈಟ್ರೋಜನ್ ಆಕ್ಸೈಡ್ ಕಣ್ಣಿಗೆ ಕಾಣುವ ಹೊಗೆಯಲ್ಲ, ಅದನ್ನು ಅಲ್ಲಿ ಅಳೆಯುವುದೇ ಇಲ್ಲ. ಹೊಸ ಮಾದರಿಗೆ ಅನುಮತಿ ಕೊಡುವಾಗ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಬಿಎಸ್4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಇದ್ದ ಮಿತಿ, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6ರಲ್ಲಿ 0.08ಕ್ಕೆ ಇಳಿಯಿತು. ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನು ಒಂದು ತಗಡು, ಒಂದು ಫೈಲು ಸದ್ದಿಲ್ಲದೆ ಏರಿಸಿಬಿಡುತ್ತವೆ.

ಹಾಗಂತ ಕಂಪನಿ ಸೆಟ್ಟಿಂಗ್ ಎಂದರೆ ಬದಲಾಗದ ವೇದವಾಕ್ಯವೂ ಅಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣ ನೆನಪಿರಬಹುದು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಒಳ್ಳೆಯವನಂತೆ ನಡೆದುಕೊಳ್ಳುವ ಸಾಫ್ಟ್‌ವೇರು ಕಾರ್ಖಾನೆಯಿಂದಲೇ ಬಂದಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅದಿತ್ತು. ಭಾರತದಲ್ಲೂ ಆ ಗುಂಪಿನ 3.23 ಲಕ್ಷ ಕಾರುಗಳನ್ನು ಸಾಫ್ಟ್‌ವೇರ್ ಬದಲಿಸಲೆಂದು ವಾಪಸ್ ಕರೆಯುವುದಾಗಿ ಅದೇ ಡಿಸೆಂಬರ್‌ನಲ್ಲಿ ಹೇಳಿದರು. ಹೀಗೆ ರೀಕಾಲ್ ಆದ ಯಾವುದೇ ಕಾರಿನ ಹಳೆಯ ‘ಸ್ಟಾಕ್’ ಫೈಲ್ ನನ್ನ ಬಳಿ ಇದ್ದು, ಈಗ ಅದನ್ನು ಹಾಕಿದೆ ಎನ್ನಿ. ಕಂಪನಿಯೇ ತಿದ್ದಿದ್ದನ್ನು ನಾನು ಅಳಿಸಿದಂತಾಗುತ್ತದೆ. ಆದ್ದರಿಂದ ಈಗ ಫೈಲ್ ತರಿಸುವಾಗ ಕಾರಿನ ಮಾದರಿ ಮಾತ್ರ ಹೇಳಿದರೆ ಸಾಲದು, ಅದರಲ್ಲಿರುವ ಸಾಫ್ಟ್‌ವೇರ್ ಆವೃತ್ತಿಯನ್ನೂ ಹೊಂದಿಸುತ್ತೇವೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ, ಗ್ಯಾರೇಜುಗಳಲ್ಲಿ ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯ ನಂತರ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸಿಕ್ಕಿಬೀಳುವವನು ಟ್ಯೂನ್ ಮಾಡಿದ ಗ್ಯಾರೇಜಿನವನಲ್ಲ, ಕಾರಿನ ಈಗಿನ ಯಜಮಾನ. ಆ ಹುಡುಗನಿಗೆ ತನ್ನ ಕಾರು ಟ್ಯೂನ್ ಆಗಿದೆ ಎಂದೇ ಗೊತ್ತಿರಲಿಲ್ಲ. ವಾರಂಟಿ ಇರುವ ಕಾರಾದರೆ ಇನ್ನೊಂದು ಪೇಚು. ಕೆಲವು ಇಸಿಯುಗಳು ತಮ್ಮನ್ನು ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಇಡುತ್ತವೆ. ಕಂಪನಿ ಫೈಲ್ ವಾಪಸ್ ಬಂದರೂ ಆ ಲೆಕ್ಕ ಹಿಂದಕ್ಕೆ ಓಡುವುದಿಲ್ಲ.

ಇಷ್ಟಾದರೂ ನಮ್ಮ ಗ್ಯಾರೇಜು ಟ್ಯೂನಿಂಗ್ ನಿಲ್ಲಿಸಿದೆ ಎಂದರೆ ಸುಳ್ಳಾಗುತ್ತದೆ. ಇಜಿಆರ್ ಮುಚ್ಚುವ ಕೆಲಸ ಮಾತ್ರ ಅಣ್ಣ ಒಪ್ಪಿಕೊಳ್ಳುವುದಿಲ್ಲ, ಬಂದವರನ್ನು ವಾಪಸ್ ಕಳಿಸುತ್ತಾರೆ. ಉಳಿದದ್ದರ ಬಗ್ಗೆ ನನಗೂ ಅವರಿಗೂ ವಾದ ನಡೆಯುತ್ತಿರುತ್ತದೆ. ಈ ನಡುವೆ ಇನ್ನೊಂದು ಯೋಚನೆ ತಲೆ ಹೊಕ್ಕಿದೆ. ನಾವು ಕದಲಿಸುವ ಈ ಅಂಕಿಗಳನ್ನು ಮೊದಲು ಅಲ್ಲಿ ಕೂರಿಸುವುದೂ ಒಂದು ನೌಕರಿ. ಕ್ಯಾಲಿಬ್ರೇಷನ್ ಎನ್ನುತ್ತಾರೆ. 1951ರಲ್ಲಿ ಮೈಕೊ ಆಗಿ ಹುಟ್ಟಿ ಈಗ ಬಾಷ್ ಆಗಿರುವ ಕಂಪನಿ ಆಡುಗೋಡಿಯಲ್ಲಿದೆ, ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ ವೈಟ್‌ಫೀಲ್ಡಿನಲ್ಲಿದೆ. ವಾಹನದ ಎಂಜಿನಿಯರಿಂಗ್, ಸಾಫ್ಟ್‌ವೇರ್ ಕೆಲಸ ಇದೇ ಊರಿನ ಎಸಿ ಕೋಣೆಗಳಲ್ಲಿ ನಡೆಯುತ್ತಿದೆ. ಡಿಪ್ಲೊಮಾದವನಿಗೆ ಆ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ ಎಂದು ಗೊತ್ತು. ಸಂಜೆ ಕಾಲೇಜಿನ ಬಿಇ ಅರ್ಜಿ ತಂದಿಟ್ಟುಕೊಂಡಿದ್ದೇನೆ. ಇನ್ನೂ ತುಂಬಿಲ್ಲ.

ಗ್ಯಾರೇಜಿನಲ್ಲಿ ಒಂದು ಬದಲಾವಣೆ ನಾನೇ ಮಾಡಿದೆ. ಬಂದ ಕಾರು ಯಾರದ್ದೇ ಇರಲಿ, “ಯಾರೂ ಮುಟ್ಟಿಲ್ಲ ಸಾರ್” ಎಂದು ಅವರು ಆಣೆ ಹಾಕಿದರೂ, ಓದಿದ ಫೈಲನ್ನು ಅದೇ ನಂಬರಿನ ಕಂಪನಿ ಫೈಲ್ ಜೊತೆ ಹೋಲಿಸದೆ ಮುಂದಕ್ಕೆ ಹೋಗುವುದಿಲ್ಲ. ಅರ್ಧ ಗಂಟೆಯ ಕೆಲಸ, ಬಿಲ್ಲಿನಲ್ಲಿ ಅದಕ್ಕೆ ದುಡ್ಡಿಲ್ಲ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಳ್ಳುವ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ಮೂರನೇ, ನಾಲ್ಕನೇ ಗೇರಿನಲ್ಲಿ ಏರು ಹತ್ತಿಸಿ ಜೋರಾಗಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಿಂದೆ ಬರುವವರಿಗೆ ಕಪ್ಪು ಹೊಗೆ ಕಾಣುತ್ತಿದ್ದರೆ ಸಾವಿರ, ಎರಡು ಸಾವಿರ ಹೋದರೂ ಚಿಂತೆಯಿಲ್ಲ, ಇಸಿಯು ಓದಿಸಿ ಹೋಲಿಸಿ. ಬಿಲ್ಲಿನ ಮೇಲೆ ಪೆನ್ನಲ್ಲಿ ಬರೆದದ್ದನ್ನು ನಂಬಬೇಡಿ. ಅದು ನನ್ನಂಥವನ ಅಕ್ಷರವಾಗಿರಬಹುದು.

ಹೋದ ವಾರ ಆ ಹುಡುಗ ಫೋನ್ ಮಾಡಿದ್ದ. ನಂಬರ್ ನೋಡಿ ಎದೆ ಧಸಕ್ಕೆಂದಿತು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ದುರ್ಗಕ್ಕೆ ಹೋಗಿ ಬಂದನಂತೆ. ಕ್ಲಚ್ ಚೆನ್ನಾಗಿದೆ, ಹೊಗೆ ಇಲ್ಲ, ದೀಪ ಇಲ್ಲ. ಎಲ್ಲ ಹೇಳಿ ಸ್ವಲ್ಪ ತಡೆದ.

“ಒಂದೇ ಒಂದು ಗುರು. ಪಿಕಪ್ ಕಮ್ಮಿ ಆಗೋಯ್ತು. ಮುಂಚೆ ಲಾರಿ ಓವರ್‌ಟೇಕ್ ಮಾಡೋವಾಗ ಹೆಂಗ್ ಎಳೀತಿತ್ತು ಗೊತ್ತಾ? ಆ ಹಳೇ ಫೈಲ್ ಇನ್ನೂ ಇದ್ಯಾ ನಿಮ್ ಹತ್ರ?”

ಇದೆ. ಹೆಸರು ಮಾತ್ರ ಬದಲಾಯಿಸಿದ್ದೇನೆ. ‘ಒರಿಜಿನಲ್’ ಅಳಿಸಿ ‘ಬಂದಾಗ ಇದ್ದದ್ದು’ ಎಂದು ಬರೆದಿದ್ದೇನೆ. ಅವನಿಗೆ, “ಇಲ್ಲ” ಎಂದೆ.